ಮೂರನೇ ಪ್ಲಗ್ಗಿನ ಹೊಂಡ

ಡಯಾಲಿಸಿಸ್ ಇರುವ ದಿನ ನಾನು ಏಳುವಾಗಲೇ ದಣಿದಿರುತ್ತೇನೆ. ರಾತ್ರಿ ನಿದ್ದೆ ಬಂದದ್ದು ಸುಳ್ಳಲ್ಲ, ಆದರೆ ಅದು ಮೈಗೆ ಹತ್ತಿದ್ದು ಕಾಣೆ. ಎದ್ದವಳು ಮೊದಲು ಮಾಡುವ ಕೆಲಸ ಒಂದೇ, ನಮ್ಮ ಯಜಮಾನರ ಎಡಗೈಯ ಮೇಲೆ ಅಂಗೈ ಇಡುವುದು. ಯಂತ್ರದ ಸೂಜಿ ಚುಚ್ಚಲೆಂದು ಡಾಕ್ಟರು ಎರಡು ರಕ್ತನಾಳ ಸೇರಿಸಿ ಹೊಲಿದ ಜಾಗ ಅದು. ಚರ್ಮದ ಅಡಿಯಲ್ಲಿ ಗುಂಯ್ ಎಂದು ನಡುಗುತ್ತಿರಬೇಕು. ನಡುಗುತ್ತಿದ್ದರೆ ರಕ್ತ ಸರಿಯಾಗಿ ಓಡುತ್ತಿದೆ ಎಂದರ್ಥ. ನಡುಗದಿದ್ದರೆ ಚಹಾ ಗಿಹಾ ಎಲ್ಲ ಬಿಟ್ಟು ಆಸ್ಪತ್ರೆಗೆ ಓಡಬೇಕು.

ಅವತ್ತೂ ಕೈ ಸರಿಯಾಗಿಯೇ ಇತ್ತು. ಕೆಟ್ಟದ್ದು ಕಾರು.

ಬಿಜೂರಿನ ನಮ್ಮ ಮನೆಯಿಂದ ಕುಂದಾಪುರದ ಆಸ್ಪತ್ರೆಗೆ ವಾರಕ್ಕೆ ಮೂರು ಸಲ ಹೋಗಿಬರುವುದು. ಓಡಿಸುವವಳು ನಾನು. ಇವರು ಎಡಗಡೆಯ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು, ನಾನು ಗೇರು ಹಾಕಿದ ಸದ್ದಿಗೆ ಮಾತ್ರ ಮುಖ ಹುಳಿ ಮಾಡುತ್ತಾರೆ. ಮರವಂತೆ ಕಳೆದು ತ್ರಾಸಿ ಹತ್ತಿರ ಬರುವಾಗ ಮುಂದಿದ್ದ ಮೀನಿನ ಲಾರಿಯನ್ನು ಹಿಂದೆ ಹಾಕೋಣವೆಂದು ಕಾಲು ಒತ್ತಿದೆ. ಕಾರು ಮುಂದೆ ಹಾರುವ ಬದಲು ಅಡಿಯಿಂದ ಗಡಗಡ ನಡುಗಿತು. ಸ್ಟಿಯರಿಂಗ್ ಎದುರಿನ ಹಳದಿ ದೀಪ ಹೊತ್ತಿ ಆರಿ, ಹೊತ್ತಿ ಆರಿ ಮಾಡತೊಡಗಿತು. ಲಾರಿಯ ನೀರು ಗಾಜಿಗೆ ಸಿಡಿಯಿತು. ವೈಪರ್ ಹಾಕಿದೆ.

"ಮೂರನೇದ್," ಅಂದರು ಇವರು, ಕಣ್ಣು ಬಿಡದೆ.

"ಎಂತ ಮೂರನೇದ್?"

"ಮೂರನೇ ಸಿಲಿಂಡರ್ ಉರಿತಿಲ್ಲೆ. ಕಾಲ್ ತೆಗಿ. ಮೆಲ್ಲ ಹೋಪ."

ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಕೆಟ್ಟದ್ದು ಮೂರನೆಯದೇ ಎಂದು ಕಣ್ಣು ಮುಚ್ಚಿ ಹೇಳಿದ್ದು ನನಗೆ ಆಗ ದೊಡ್ಡ ವಿದ್ಯೆಯಾಗಿ ಕಂಡಿತ್ತು. ಎಷ್ಟಾದರೂ ಇಪ್ಪತ್ತು ವರ್ಷ ಸಾಕಿದ ಗಾಡಿ, ಅದರ ನಾಡಿ ಇವರಿಗೆ ಗೊತ್ತು ಅಂದುಕೊಂಡೆ.

ಆಸ್ಪತ್ರೆಯ ಎದುರು ಇಳಿಯುವಾಗ ಬಾಗಿಲು ಹಿಡಿದುಕೊಂಡು ನಿಂತು, ಹವಾಮಾನದ ಸುದ್ದಿ ಹೇಳುವವರ ಹಾಗೆ ಹೇಳಿದರು: "ಇದ್ ನಿಂತ್ರೆ ನಾನೂ ನಿಂತೆ. ಮತ್ತೆ ನಂಗ್ ಆಟೊದಗೆ, ಆಂಬ್ಯುಲೆನ್ಸಿನಗೆ ಹಾಕ್ಕಂಡ್ ಬಪ್ಪುದ್ ಬ್ಯಾಡ."

ಬೇರೆಯವರು ಹೇಳಿದ್ದರೆ ಬಾಯಿಮಾತು ಎನ್ನುತ್ತಿದ್ದೆ. ಇವರು ಮಾಡಿ ತೋರಿಸಿದವರು. ಮಳೆಗಾಲದಲ್ಲಿ ಒಮ್ಮೆ ಕ್ಲಚ್ಚು ಹೋಗಿ ಕಾರು ಗ್ಯಾರೇಜಿನಲ್ಲಿದ್ದಾಗ ಆಟೊ ಹತ್ತಲು ಒಪ್ಪದೆ ಡಯಾಲಿಸಿಸ್ ತಪ್ಪಿಸಿದ್ದರು. ಕಾಲು ಊದಿತು, ಮುಖ ಊದಿತು, ಮರುದಿನ ಮಲಗಿದರೆ ಉಸಿರು ಬರುವುದಿಲ್ಲ ಎಂದು ಗೋಡೆಗೆ ಒರಗಿ ಕೂತರು. ಕೊನೆಗೆ ಆಚೆಮನೆಯವರು ಎತ್ತಿ ಆಂಬ್ಯುಲೆನ್ಸಿಗೆ ಹಾಕಿದ್ದು. ಇನ್ನೊಂದು ಸಲ ಹೀಗಾದರೆ ನಮ್ಮ ಕೈಯಲ್ಲಿ ಇಲ್ಲ ಎಂದು ಡಾಕ್ಟರು ನನ್ನನ್ನೇ ಬೈದರು. ಗಂಡ ಹಟ ಮಾಡಿದರೆ ಹೆಂಡತಿಗೆ ಬೈಗುಳ, ಅದು ಎಲ್ಲ ಆಸ್ಪತ್ರೆಯಲ್ಲೂ ಇರುವ ಪದ್ಧತಿ.

ಈ ಕಾರಿನ ಮೇಲೆ ಇವರಿಗೆ ಯಾಕಷ್ಟು ಮೋಹ ಎಂದು ಕೇಳುವವರಿಗೆ ನಾನು ಒಂದೇ ಮಾತು ಹೇಳುತ್ತೇನೆ. ಮುಂಬಯಿಯ ಹೋಟೆಲಿನಲ್ಲಿ ತಟ್ಟೆ ತೊಳೆದು, ಚಹಾ ಕುದಿಸಿ, ಗಲ್ಲಾದ ಮೇಲೆ ಕೂತು ಇವರು ಮೂವತ್ತು ವರ್ಷ ನಿಂತ ಜಾಗದಲ್ಲೇ ನಿಂತವರು. ಹೋಟೆಲಿಗೆ ಬರುತ್ತಿದ್ದ ಒಬ್ಬ ಸಾಹೇಬರು ಈ ಟರ್ಬೊ ಪೆಟ್ರೋಲ್ ಕಾರನ್ನು ಮಾರಿಬಿಟ್ಟರು, ಇವರು ಕೊಂಡರು. ವರ್ಷಕ್ಕೆ ಎರಡು ಸಲ ಅದರಲ್ಲಿ ಊರಿಗೆ ಬರುವುದು. ಘಾಟಿಯ ತಿರುವಿನಲ್ಲಿ ನಾನು ಹಿಡಿಕೆ ಹಿಡಿದು ದೇವರ ಹೆಸರು ಹೇಳುತ್ತಿದ್ದೆ, ಇವರು ನಗುತ್ತಿದ್ದರು. ಹೋಟೆಲಿನಲ್ಲಿ ಹಾಗೆ ನಕ್ಕದ್ದನ್ನು ನಾನು ನೋಡಿಲ್ಲ. ಕಿಡ್ನಿ ಹೋದ ಮೇಲೆ ಹೋಟೆಲಿನ ಪಾಲು ಬಿಟ್ಟುಕೊಟ್ಟು ಊರಿಗೆ ಬಂದಾಗ ಈ ಕಾರು ಮಾತ್ರ ಜೊತೆಗೆ ಬಂತು. ಈಗ ಎರಡು ಲಕ್ಷ ಕಿಲೋಮೀಟರ್ ಹತ್ತಿರ ಬಂದಿದೆ. ಇವರ ಕಾಲಿನ ಬಲ ಹೋದಾಗ ನಾನು ಬೈಂದೂರಿನಲ್ಲಿ ಡ್ರೈವಿಂಗ್ ಕಲಿತೆ. ಆ ವಯಸ್ಸಿನಲ್ಲಿ ಕಲಿತದ್ದಕ್ಕೆ ಇವರು ಒಮ್ಮೆಯೂ ಶಾಭಾಸ್ ಅನ್ನಲಿಲ್ಲ. ಕೀಲಿಯನ್ನು ಮಾತ್ರ ಕೊಟ್ಟರು, ಅದೂ ಪಕ್ಕಕ್ಕೆ ನೋಡಿಕೊಂಡು.

ಇವರನ್ನು ಯಂತ್ರಕ್ಕೆ ಜೋಡಿಸಿದ ಮೇಲೆ ನಾಲ್ಕು ಗಂಟೆ ನನ್ನದು. ಬೇರೆ ದಿನವಾದರೆ ಆಸ್ಪತ್ರೆಯ ಬೆಂಚಿನ ಮೇಲೆ ತೂಕಡಿಸುತ್ತೇನೆ. ಅವತ್ತು ಕಾರನ್ನು ಮೆಲ್ಲಗೆ ನಡೆಸಿಕೊಂಡು ಒಂದು ಗ್ಯಾರೇಜಿಗೆ ಹೋದೆ. ಅಲ್ಲಿಯವರು ಸ್ಟಿಯರಿಂಗಿನ ಕೆಳಗೆ ಒಂದು ಸಣ್ಣ ಯಂತ್ರ ಚುಚ್ಚಿ ನೋಡಿದರು. ಮೂರನೆಯದೇ. ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಸತ್ತಿದೆ, ಪ್ಲಗ್ಗುಗಳೂ ಹಳೆಯವು, ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕು ಅಂದರು. ಗಾಡಿ ಇಲ್ಲೇ ಬಿಡಿ, ವಾರ ಬೇಕು ಅಂದರು. ಆಮೇಲೆ ಬಾನೆಟ್ ಮುಚ್ಚುತ್ತಾ, "ಅಮ್ಮ, ಇದನ್ನ್ ಗುಜ್ರಿಗೆ ಹಾಕಿ ಒಂದ್ ಸಣ್ಣ ಗಾಡಿ ತಕಣಿ," ಅಂದರು. ಒಳ್ಳೆಯ ಮಾತೇ. ನಾನು ಅದನ್ನು ಮನೆಯಲ್ಲಿ ಹೇಳಿದರೆ ಏನಾಗುತ್ತದೆಂದು ಅವರಿಗೆ ಗೊತ್ತಿಲ್ಲವಲ್ಲ.

ಬುಧವಾರ ಅದು. ಶುಕ್ರವಾರ ಬೆಳಿಗ್ಗೆ ಮತ್ತೆ ಡಯಾಲಿಸಿಸ್. ವಾರ ಎಲ್ಲಿಂದ ತರಲಿ? ಬೆಂಚಿನ ಮೇಲೆ ಕೂತು ಬ್ರಹ್ಮಾವರದ ಒಂದು ಬಿಡಿಭಾಗಗಳ ಅಂಗಡಿಗೆ ಫೋನು ಮಾಡಿದೆ. ಹಿಂದೊಮ್ಮೆ ಇವರು ಅಲ್ಲಿಂದಲೇ ಫಿಲ್ಟರ್ ತರಿಸಿದ್ದರು. ಮಂಗಳೂರಿನಿಂದ ನಾಳೆ ಬೆಳಗಿನ ಬಸ್ಸಿಗೆ ಹಾಕಿಸುತ್ತೇನೆ, ನೀವೇ ಬಂದು ತೆಗೆದುಕೊಳ್ಳಿ ಅಂದರು ಅಂಗಡಿಯವರು.

ಡಯಾಲಿಸಿಸ್ ಮುಗಿಸಿ ಹೊರಬಂದ ಇವರ ಮುಖ ಒಣಗಿದ ಬಟ್ಟೆಯಂತಾಗಿತ್ತು. ಬಿಡಿಭಾಗ ಸಿಗುತ್ತದೆ, ಹಾಕುವವರು ಇಲ್ಲ ಎಂದೆ.

"ನಾನೇ ಹಾಕ್ತೆ. ಎಷ್ಟ್ ಸಲ ಹಾಕಿದ್ದೆ."

"ಯಾವ ಕೈಯಗೆ?"

ಎಡಗೈಯಲ್ಲಿ ಒಂದು ಕೊಡಪಾನ ಎತ್ತುವುದಕ್ಕೂ ಡಾಕ್ಟರರ ಅಪ್ಪಣೆಯಿಲ್ಲ. ಬಲಗೈ ಚಹಾದ ಲೋಟ ಹಿಡಿದರೆ ನಡುಗುತ್ತದೆ. ಇವರು ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟು ಹೆಮ್ಮಾಡಿ ದಾಟುವವರೆಗೂ ಅವನ್ನೇ ನೋಡಿದರು. ಆಮೇಲೆ ಹೊರಗೆ ನೋಡಿಕೊಂಡೇ, "ಹಾಂಗಾರೆ ನೀನೇ ಹಾಕ್. ನಾ ಹೇಳ್ತೆ," ಅಂದರು.

ನಾನು ನಲವತ್ತು ಜನರಿಗೆ ಸಾಂಬಾರು ಮಾಡಿದವಳು, ಕೆಟ್ಟ ಗ್ರೈಂಡರಿನ ಬೆಲ್ಟು ಹಾಕಿದವಳು. ಆದರೂ ಇಂಜಿನ್ನಿಗೆ ಕೈ ಹಾಕಿದವಳಲ್ಲ. ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಶುಕ್ರವಾರ ನೆನಪಾಯಿತು, ಮುಚ್ಚಿದೆ.

ಮರುದಿನ ಬೆಳಿಗ್ಗೆ ಇವರಿಗೆ ಗಂಜಿ ಬಡಿಸಿ, ಕುಡಿಯುವ ನೀರನ್ನು ಸ್ಟೀಲಿನ ಚೊಂಬಿಗೆ ಅಳೆದು ಹಾಕಿ, ಬಸ್ಸು ಹತ್ತಿದೆ. ದಿನಕ್ಕೆ ಆ ಒಂದು ಚೊಂಬು ಮಾತ್ರ ನೀರು. ಇವರು ಅದನ್ನು ಕುಡಿಯುವುದಿಲ್ಲ, ಬಾಯಲ್ಲಿ ಇಟ್ಟುಕೊಂಡು ಕೂರುತ್ತಾರೆ. ಬಾಳೆಹಣ್ಣು ಇಲ್ಲ, ಎಳನೀರಿನ ಬೊಂಡ ಇಲ್ಲ, ತೆಂಗಿನಕಾಯಿಯ ನೀರಂತೂ ವಿಷ ಎಂದು ಮೊದಲ ದಿನವೇ ಹೇಳಿದ್ದರು. ಅದರಲ್ಲಿರುವ ಏನೋ ಒಂದು ಉಪ್ಪು ರಕ್ತದಲ್ಲಿ ಏರಿದರೆ ಹೃದಯವೇ ನಿಲ್ಲುತ್ತದಂತೆ. ನಮ್ಮ ಅಂಗಳದಲ್ಲಿ ಕಾಲಿಟ್ಟಲ್ಲಿ ತೆಂಗಿನಮರ.

ಅದೇ ವಿಷಯಕ್ಕೆ ಈ ನವರಾತ್ರಿಯಲ್ಲಿ ನಮ್ಮ ಮನೆಯಲ್ಲಿ ದೊಡ್ಡ ಜಗಳ ಆಗಿತ್ತು. ಇವರ ಮನೆತನದಲ್ಲಿ ಒಂದು ಕ್ರಮ ಉಂಟು. ಆಯುಧಪೂಜೆಯ ದಿನ ಒಂದೊಂದು ಆಯುಧಕ್ಕೂ ಒಂದೊಂದು ಕಾಯಿ ಒಡೆಯುವುದು, ಅದರ ನೀರನ್ನು ಆ ಆಯುಧ ಹಿಡಿಯುವವರೇ ಕುಡಿಯುವುದು. ಕತ್ತಿಯ ಕಾಯಿನೀರು ಹುಲ್ಲು ಕೊಯ್ಯುವವರಿಗೆ, ಅರೆಯುವ ಕಲ್ಲಿನದು ನನಗೆ. ಮುಂಬಯಿಯಲ್ಲೂ ಬಿಡಲಿಲ್ಲ. ಒಲೆಯ ಕಾಯಿನೀರು ಅಡುಗೆಯವನಿಗೆ, ಗ್ರೈಂಡರಿನದು ಹಿಟ್ಟು ರುಬ್ಬುವವನಿಗೆ. ಕಾರಿನದು ಇವರಿಗೆ. ಈ ವರ್ಷ ಬಾನೆಟ್ ತೆರೆದು ಗಂಧ ಹಚ್ಚಿ, ಕಾಯಿ ಒಡೆದು, ಬೆಂಕಿಪೆಟ್ಟಿಗೆ ತಾ ಎಂದು ನನ್ನನ್ನು ಒಳಗೆ ಕಳಿಸಿದರು. ಬರುವಾಗ ಒಡೆದ ಕಾಯಿಯ ಕಡಿ ಎರಡೂ ಖಾಲಿ. ಕುಡಿದಿರಾ ಎಂದು ಕೇಳಿದೆ. ಬೆಂಕಿಪೆಟ್ಟಿಗೆ ಇಸಿದುಕೊಂಡು ಕರ್ಪೂರ ಹಚ್ಚಿದರು. ಅಲ್ಲಿಂದ ಶುರುವಾದ ನನ್ನ ಬಾಯಿ ಸಂಜೆಯವರೆಗೆ ನಿಲ್ಲಲಿಲ್ಲ. ಸಾಯುವುದಾದರೆ ಹೇಳಿ ಸಾಯಿರಿ ಎಂದೆ. ಗಳಿಗೆಗೊಮ್ಮೆ ಇವರ ಎದೆ ಮುಟ್ಟಿ ನೋಡಿದೆ. ಏನೂ ಆಗಲಿಲ್ಲ. ದೇವರು ದೊಡ್ಡವನು ಎಂದು ಸುಮ್ಮನಾದೆ.

ಬ್ರಹ್ಮಾವರದಲ್ಲಿ ಅಂಗಡಿಯವರು ಪೆಟ್ಟಿಗೆ ತೆರೆದು ತೋರಿಸಿದರು. ನಾಲ್ಕು ಪ್ಲಗ್ಗು, ನಾಲ್ಕು ಕಾಯಿಲ್. ಕಾಯಿಲ್ ಅಂದರೆ ಒಂದು ಗೇಣಿನ ಕಪ್ಪು ಕೋಲು, ತುದಿಗೆ ರಬ್ಬರಿನ ಕೊಳವೆ. ಅದು ಪ್ಲಗ್ಗಿನ ತಲೆಯ ಮೇಲೆ ಟೋಪಿಯ ಹಾಗೆ ಕೂರುತ್ತದೆ.

"ಡ್ರೈವರ್ ಬರ್ಲಿಲ್ಯಾ ಅಮ್ಮ?"

"ನಾನೇ ಡ್ರೈವರ್."

"ಕೆಲ್ಸ ಯಾವ ಗ್ಯಾರೇಜಂಗೆ?"

"ಅದೂ ನಾನೇ."

ಅವರು ನನ್ನ ಸೀರೆ ನೋಡಿದರು, ಬೆರಳು ನೋಡಿದರು. ಮತ್ತೆ ಒಂದು ಸಣ್ಣ ಪೊಟ್ಟಣದಲ್ಲಿ ಬಿಳಿ ಗ್ರೀಸು ಹಾಕಿಕೊಟ್ಟು, ರಬ್ಬರಿನ ಒಳಗೆ ಒಂಚೂರೇ ಹಚ್ಚಿ ಅಂದರು. ಬಾಯಿಬಿಟ್ಟು ಏನೂ ಹೇಳದಿದ್ದರೂ ಅವರಿಗೆ ನನ್ನ ಮೇಲೆ ಕನಿಕರ ಹುಟ್ಟಿತ್ತು. ಕನಿಕರ ಕಂಡರೆ ನನಗೆ ಮೈ ಉರಿಯುತ್ತದೆ. ಪೆಟ್ಟಿಗೆ ಎತ್ತಿಕೊಂಡು ಬಂದೆ.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತದ್ದು ನೆನಪು. ಕೋಟೇಶ್ವರ ಬಂದದ್ದು ನೆನಪಿಲ್ಲ. ಕಂಡಕ್ಟರ್ ಭುಜ ತಟ್ಟುವಾಗ ಬಸ್ಸು ಬೈಂದೂರಿನಲ್ಲಿ ನಿಂತಿತ್ತು, ಬಿಜೂರು ಹಿಂದೆ ಹೋಗಿಯಾಗಿತ್ತು. ಬಿಸಿಲಲ್ಲಿ ನಿಂತು ಹಿಂದಿರುಗುವ ಬಸ್ಸಿಗೆ ಕಾದೆ. ಅಳು ಬರುವಷ್ಟು ಸುಸ್ತಾಗಿತ್ತು. ಅತ್ತರೆ ಯಾರಾದರೂ ಏನಾಯಿತು ಎಂದು ಕೇಳುತ್ತಾರೆ, ಪ್ಲಗ್ಗು ಎಂದರೆ ನಗುತ್ತಾರೆ.

ಮನೆ ತಲುಪಿ ಉಂಡದ್ದೇ ಕೆಲಸ ಶುರು. ಶೀಟಿನ ಮಾಡಿನ ಕೆಳಗೆ ಕಾರು. ಅದರ ಮೂತಿಯ ಹತ್ತಿರ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಮೇಲೆ ಇವರು, ಬಲಗೈಯಲ್ಲಿ ಟಾರ್ಚು. ಕಾಲ ಬುಡದಲ್ಲಿ ಮುಂಬಯಿಯಿಂದ ತಂದ ಸಾಮಾನಿನ ಪೆಟ್ಟಿಗೆ. ಒಂದೊಂದು ಸ್ಪ್ಯಾನರನ್ನೂ ಹೋಟೆಲಿನ ಮೈದಾ ಚೀಲದ ಬಟ್ಟೆಯಲ್ಲಿ ಸುತ್ತಿಟ್ಟಿದ್ದಾರೆ. ನನ್ನ ರೇಷ್ಮೆ ಸೀರೆಗೆ ಈ ಮನೆಯಲ್ಲಿ ಅಷ್ಟು ಉಪಚಾರ ಸಿಕ್ಕಿದ್ದಿಲ್ಲ.

"ಮೊದ್ಲ್ ಕೈ ಇಟ್ಟ್ ಕಾಣ್. ತಣ್ದಿತ್ತಾ?"

ಇಂಜಿನ್ನಿನ ಮೇಲೆ ಕೈಯಿಟ್ಟೆ. ತಣ್ಣಗಿತ್ತು. ಬಿಸಿ ಇರುವಾಗ ಪ್ಲಗ್ಗು ಬಿಚ್ಚಿದರೆ ಅಲ್ಯೂಮಿನಿಯಮ್ಮಿನ ತಿರುಪಿನ ಮರೆ ಕಿತ್ತು ಬರುತ್ತದಂತೆ, ಮತ್ತೆ ಇಂಜಿನ್ನೇ ಹೋಯಿತಂತೆ. ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಎಳೆದು ತೆಗೆದೆ. ಕೆಳಗೆ ನಾಲ್ಕು ಕಾಯಿಲ್‌ಗಳು ಸಾಲಾಗಿ ಕೂತಿದ್ದವು, ತಲೆಯ ಮೇಲೆ ಒಂದೊಂದು ವೈರಿನ ಕೊಂಡಿ. ಮೊದಲನೆಯದರ ಕೊಂಡಿ ಒತ್ತಿ ಎಳೆದೆ. ಬಂತು. ಎರಡನೆಯದರ ನಾಲಗೆ ಹಪ್ಪಳದ ಹಾಗೆ ಟಕ್ ಎಂದು ಮುರಿದು ಬಿತ್ತು.

"ಮುರ್ದ್ ಹಾಕ್ದ್ಯಾ? ಒತ್ತಿ ಎಳಿ ಅಂದ್ರೆ ಬರೀ ಎಳುದಾ?"

"ಒತ್ತೇ ಎಳದ್ದ್. ನೀವೇ ಬಂದ್ ಮಾಡಿ ಕಾಂಬ."

ಬಾಯಿಂದ ಬಿದ್ದ ಮೇಲೆ ತಿಳಿಯಿತು. ಇವರು ಟಾರ್ಚನ್ನು ಇನ್ನೊಂದು ಕಡೆ ತಿರುಗಿಸಿದರು. ನಾನು ತೆಂಗಿನಗರಿ ಕಟ್ಟುವ ತೆಳ್ಳಗಿನ ಪ್ಲಾಸ್ಟಿಕ್ ಪಟ್ಟಿ ಹುಡುಕಿ ತಂದು, ಕಡೆಗೆ ಇದರಿಂದ ಬಿಗಿದರಾಯಿತು ಎಂದೆ. ಇವರು ಪಟ್ಟಿಯನ್ನು ಎಳೆದು ನೋಡಿ, "ಪ್ಲಾಸ್ಟಿಕಿಗೂ ವಯಸ್ಸಾಯ್ತ್, ನಿನ್ನ್ ತಪ್ಪಲ್ಲ," ಅಂದರು. ನಮ್ಮ ಮದುವೆಯಾಗಿ ಇಷ್ಟು ವರ್ಷದಲ್ಲಿ ಇಂಥ ಮಾತು ಇವರು ಹೇಳಿದ್ದು ಬೆರಳೆಣಿಕೆ.

ಮೊದಲನೆಯ ಕಾಯಿಲನ್ನು ತಿರುಚಿ ಮೇಲೆತ್ತಿದೆ. ಅದು ಕೂತಿದ್ದ ಹೊಂಡದ ತಳದಲ್ಲಿ ಪ್ಲಗ್ಗಿನ ಬಿಳಿ ತಲೆ ಕಂಡಿತು. ಎರಡನೆಯದೂ ಹಾಗೇ, ನಾಲ್ಕನೆಯದೂ ಹಾಗೇ. ಒಣ ಧೂಳು ಬಿಟ್ಟರೆ ಏನಿಲ್ಲ. ಬಿಚ್ಚುವ ಮೊದಲು ಆ ಧೂಳು ತೆಗೆಯಬೇಕು, ಇಲ್ಲದಿದ್ದರೆ ಸಿಲಿಂಡರಿನ ಒಳಗೆ ಬೀಳುತ್ತದೆ. ಸೈಕಲ್ಲಿಗೆ ಗಾಳಿ ಹಾಕುವ ಪಂಪು ತಂದು ಊದಿದೆ. ಮೂಗು ಬಾಯಿ ಎಲ್ಲ ಧೂಳು.

ಮೂರನೆಯದು ಬರಲಿಲ್ಲ. ತಿರುಚಿದೆ, ಎಳೆದೆ, ಕಾಲನ್ನು ಬಂಪರಿಗೆ ಕೊಟ್ಟು ಎಳೆದೆ. ಕಡೆಗೆ ಪರ್ ಎಂದು ರಬ್ಬರು ಹರಿದು ಮೇಲಿನ ಅರ್ಧ ನನ್ನ ಕೈಗೆ ಬಂತು. ಟಾರ್ಚು ಒಳಗೆ ಬಿಟ್ಟು ನೋಡಿದರೆ ಹೊಂಡದ ಗೋಡೆಗೆಲ್ಲ ಕಂದು ಬಣ್ಣದ ಅಂಟು, ಬೆಲ್ಲದ ಪಾಕ ತಳ ಹಿಡಿದ ಹಾಗೆ. ಚಿಮ್ಮಟದಲ್ಲಿ ಹರಿದ ರಬ್ಬರು ಕಿತ್ತು ತೆಗೆದೆ. ಅದರ ಬದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿಳಿ ಗೀಟು. ಕಿಡಿ ಪ್ಲಗ್ಗಿನ ತುದಿಗೆ ಹೋಗುವ ಬದಲು ಈ ಅಂಟಿನ ಮೇಲೆ ಹರಿದು ಬದಿಗೆ ಓಡಿದ ದಾರಿ ಅದು ಎಂದು ಇವರೇ ಹಿಂದೊಮ್ಮೆ ಬೇರೆ ಗಾಡಿಯಲ್ಲಿ ತೋರಿಸಿದ್ದರು.

ಬೆರಳಿಗೆ ಹತ್ತಿದ ಅಂಟನ್ನು ಮೂಸಿದೆ. ಎಣ್ಣೆಯಲ್ಲ, ಪೆಟ್ರೋಲೂ ಅಲ್ಲ. ಹುಳಿ, ಅದರ ಹಿಂದೆ ಸೀದ ಸಿಹಿ. ನಮ್ಮಲ್ಲಿ ಕಾಯಿ ಒಡೆದ ನೀರನ್ನು ಚೆಲ್ಲುವುದಿಲ್ಲ, ದೋಸೆಹಿಟ್ಟಿಗೆ ಹಾಕಲು ಎತ್ತಿಡುತ್ತೇವೆ. ಮರೆತು ಎರಡು ದಿನ ಬಿಟ್ಟರೆ ಪಾತ್ರೆ ಇದೇ ವಾಸನೆ ಹೊಡೆಯುತ್ತದೆ. ಆಯುಷ್ಯವಿಡೀ ಅಡುಗೆಮನೆಯಲ್ಲಿ ಕಳೆದ ನನಗೆ ಈ ವಾಸನೆ ತಪ್ಪುವುದಿಲ್ಲ.

"ಹ್ವಾಯ್, ಇದ್ ಕಾಯಿನೀರ್ ಅಲ್ದಾ?"

ಇವರು ಟಾರ್ಚು ಆರಿಸಿದರು.

"ಕಣ್ಣ್ ಮುಚ್ಕಂಡ್ ಮೂರನೇದ್ ಅಂದ್ರಿ. ನಿಮ್ಗ್ ಹ್ಯಾಂಗ್ ಗೊತ್ತಾಯ್ತ್?"

ಇವರು ಚೊಂಬು ಎತ್ತಿ ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಅದನ್ನು ನುಂಗುವವರೆಗೆ ನಾನು ಕಾದೆ.

"ನಾ ಕುಡಿಲಿಲ್ಲೆ ಮಾರಾಯ್ತಿ, ಆವತ್ತ್," ಅಂದರು. "ಬಾಯಿ ತನಕ ತಕಂಡ್ ಹೋಯಿದ್ದೆ. ಮತ್ತೆ ನಿನ್ನ್ ನೆನ್ಪಾಯ್ತ್. ಇಂಜಿನ್ ಮೇಲೇ ಹೊಯ್ದೆ, ಆ ಮೂರನೇದ್ ಇಪ್ಪಲ್ಲೇ. ನಂಗಂತೂ ಕುಡೂಕ್ ಆತಿಲ್ಲೆ, ಅದ್ರ ಪಾಲ್ ಅದೇ ಕುಡೀಲಿ ಅಂದೇಳಿ."

ಕಾಯಿಲಿನ ತಲೆಯ ಸುತ್ತ ನೀರು ಇಳಿಯದಂತೆ ಒಂದು ರಬ್ಬರಿನ ಅಂಚು ಇರುತ್ತದೆ. ಮೂರನೆಯದರ ಅಂಚು ಹಳತಾಗಿ ಬಿರಿದಿತ್ತು. ಅಲ್ಲಿಂದ ಇಳಿದ ಕಾಯಿನೀರು ಇಂಜಿನ್ನಿನ ಬಿಸಿಗೆ ಬತ್ತಿ ಪಾಕವಾಗಿ, ನವರಾತ್ರಿಯಿಂದ ದೀಪಾವಳಿಯವರೆಗೆ ಮೆಲ್ಲಗೆ ಕಾಯಿಲನ್ನು ತಿಂದಿತ್ತು. ಕಾರಿನ ಮೇಲೆ ಒಂದು ಹನಿ ಮಳೆನೀರು ಬಿದ್ದರೂ ಬಟ್ಟೆ ಹಿಡಿದು ಓಡುತ್ತಿದ್ದ ಮನುಷ್ಯ ಮಾಡಿದ ಕೆಲಸ.

ನನಗೆ ಸಿಟ್ಟು ಬಂತು. ಎಷ್ಟು ಸಿಟ್ಟೆಂದರೆ ಕೈಯಲ್ಲಿದ್ದ ಚಿಮ್ಮಟವನ್ನು ಅಂಗಳಕ್ಕೆ ಬಿಸಾಡಿದೆ. ಒಂದು ಹಗಲಿಡೀ ಬೈಸಿಕೊಂಡರಲ್ಲ, ಕುಡಿಯಲಿಲ್ಲ ಎಂದು ಒಂದು ಮಾತು ಹೇಳಬಾರದಿತ್ತೇ? ನಾನು ಜೀವ ಹಿಡಿದು ಎದೆ ಮುಟ್ಟಿ ನೋಡುತ್ತಿದ್ದಾಗ ಸುಮ್ಮನೆ ಮಲಗಿದ್ದರಲ್ಲ? ಆಮೇಲೆ ಅದಕ್ಕಿಂತ ಒಳಗಿನ ಒಂದು ಮಾತು ಹೊರಗೆ ಬಂತು. ಅದು ನನ್ನೊಳಗೆ ಇದ್ದದ್ದು ನನಗೇ ಗೊತ್ತಿರಲಿಲ್ಲ.

"ಗಾಡಿ ಬಿಡುದ್ ನಾನ್. ನಂಗ್ ಕೊಡ್ಲಕ್ಕಿತ್ತಲ್ದಾ?"

ಇವರು ಬಹಳ ಹೊತ್ತು ಟಾರ್ಚಿನ ಗುಂಡಿಯನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರು.

"ಕೊಟ್ರೆ ಗಾಡಿ ನಿಂದಾಯ್ತ್ ಅಲ್ದಾ," ಅಂದರು. "ಮತ್ತೆ ನಂಗೆಂತ ಇತ್ತ್?"

ನಾನು ಕಾರಿನ ಪಕ್ಕ ಸಿಮೆಂಟಿನ ನೆಲದ ಮೇಲೆ ಕೂತುಬಿಟ್ಟೆ. ಸೊಂಟ ನೋಯುತ್ತಿತ್ತು, ಬೆರಳುಗಳು ಕಪ್ಪಾಗಿದ್ದವು. ನನಗೆ ಈ ಕಾರು ಬೇಡವಿತ್ತು. ಕೀಲಿಯೂ ಬೇಡವಿತ್ತು. ನನಗೆ ಬೇಕಾದದ್ದು ಘಾಟಿಯ ತಿರುವಿನಲ್ಲಿ ನಗುತ್ತಿದ್ದ ಆ ಮನುಷ್ಯ, ಹಿಡಿಕೆ ಹಿಡಿದು ಹೆದರಿ ಕೂರುವ ನನ್ನ ಹಳೆಯ ಎಡಗಡೆಯ ಸೀಟು. ಇದನ್ನು ಹೇಳಿದರೆ ಇಬ್ಬರೂ ಅಳಬೇಕಾಗುತ್ತದೆ. ನಮ್ಮ ಮನೆಯಲ್ಲಿ ಕುಡಿಯುವ ನೀರಿನ ಹಾಗೆ ಕಣ್ಣೀರೂ ಅಳತೆಯದ್ದೇ. ಬೀದಿಯಲ್ಲಿ ಯಾರದೋ ಬೈಕು ಹೋಯಿತು. ಒಂದು ಕಾಗೆ ನಾನು ಬಿಸಾಡಿದ ಚಿಮ್ಮಟವನ್ನು ಕುಕ್ಕಿ ನೋಡಿತು.

ಹೊತ್ತು ಇಳಿಯುತ್ತಿತ್ತು. ನಾಳೆ ಶುಕ್ರವಾರ. ಎದ್ದು ಚಿಮ್ಮಟ ತಂದೆ.

ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿ, ಇವರ ಕೈಗೆ ಸೂಜಿ ಚುಚ್ಚುವ ಮೊದಲು ಒರೆಸುವ ಸ್ಪಿರಿಟ್ಟಿನಲ್ಲಿ ಅದ್ದಿ, ಮೂರನೇ ಹೊಂಡವನ್ನು ತಿಕ್ಕಿದೆ. ಬಟ್ಟೆ ಬದಲಿಸಿ ಮತ್ತೆ ತಿಕ್ಕಿದೆ. ಬಿಳಿಯಾಗಿ ಬರುವವರೆಗೂ ಇವರು ಬಿಡಲಿಲ್ಲ. ಉದ್ದದ ಸಾಕೆಟ್ಟು ಇಳಿಸಿ ಹಳೆಯ ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚಿದೆ. ಮೂರು ಪ್ಲಗ್ಗುಗಳ ತುದಿ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕಿತ್ತು, ಸವೆದಿದ್ದರೂ ಸುಖವಾಗಿ ಉರಿದ ಗುರುತು. ಮೂರನೆಯದು ಮಸಿ ಕಪ್ಪು, ಒದ್ದೆ, ಪೆಟ್ರೋಲಿನ ನಾತ.

"ಹೊಸ್ತನ್ನ್ ಪೈಪಿಗೆ ಚುಚ್ಚಿ ಇಳ್ಸ್. ಕೈಯಗೇ ತಿರ್ಗ್ಸ್. ಸ್ಪ್ಯಾನರ್ ಮುಟ್ಬೇಡ ಈಗ್ಳೇ."

ತುಂಡು ರಬ್ಬರ್ ಪೈಪಿನ ತುದಿಗೆ ಪ್ಲಗ್ಗು ಚುಚ್ಚಿ, ಹೊಂಡಕ್ಕೆ ಇಳಿಸಿ, ಎರಡು ಬೆರಳಲ್ಲಿ ತಿರುಗಿಸಿದೆ. ಮರೆ ಸರಿಯಾಗಿ ಕೂರದಿದ್ದರೆ ಪೈಪು ಬೆರಳಲ್ಲೇ ಜಾರುತ್ತದೆ, ಮರೆ ಕೆಡುವುದಿಲ್ಲ. ಸರಿಯಾಗಿ ಕೂತರೆ ಬೆಣ್ಣೆಯಂತೆ ಇಳಿಯುತ್ತದೆ. ಕಡೆಗೆ ಅಳತೆ ಇಟ್ಟ ಸ್ಪ್ಯಾನರಿನಲ್ಲಿ ಬಿಗಿದೆ. ಬಿಗಿ ಸಾಕಾದಾಗ ಅದು ಟಕ್ ಎನ್ನುತ್ತದೆ. ಪ್ರತಿ ಟಕ್ಕಿಗೂ ಇವರು ಸಾಕ್, ಸಾಕ್ ಅಂದರು. ಹೊಸ ಕಾಯಿಲಿನ ರಬ್ಬರಿಗೆ ಕೊಬ್ಬರಿ ಎಣ್ಣೆ ಹಚ್ಚಲೇ ಎಂದು ಕೇಳಿದೆ, ಇವರನ್ನು ಚುಚ್ಚುವುದಕ್ಕೇ.

"ಸಾಕ್ ಮಾರಾಯ್ತಿ, ಅದಕ್ ತೆಂಗ್ ಕುಡಿಸಿದ್ದ್," ಅಂದರು. ಇಬ್ಬರಿಗೂ ನಗು ಬಂತು. ನಕ್ಕದ್ದಕ್ಕೆ ಇವರಿಗೆ ಕೆಮ್ಮು ಹತ್ತಿತು, ನಾನು ಬೆನ್ನು ತಿಕ್ಕಿದೆ.

ಬಿಳಿ ಗ್ರೀಸು ಹಚ್ಚಿ ನಾಲ್ಕೂ ಕಾಯಿಲ್ ಒತ್ತಿ ಕೂರಿಸಿ, ಕೊಂಡಿ ಸಿಕ್ಕಿಸಿ, ಮುರಿದದ್ದನ್ನು ಪಟ್ಟಿಯಿಂದ ಬಿಗಿದು, ಒಳಗೆ ಹೋಗಿ ಕೂತು ಕೀಲಿ ತಿರುಗಿಸಿದೆ. ಒಂದು ಕ್ಷಣ ಕರ್ ಎಂದಿತು. ಆಮೇಲೆ ಹೊತ್ತಿಕೊಂಡಿತು. ನಡುಕ ಇಲ್ಲ, ಹಳದಿ ದೀಪ ಮಿಣುಕುವುದಿಲ್ಲ. ಸೀಟಿನಲ್ಲಿ ಕೂತವಳಿಗೆ ಇಂಜಿನ್ ಓಡುತ್ತಿರುವುದೇ ತಿಳಿಯದಷ್ಟು ಮೆತ್ತಗೆ.

ಇವರು ಕುರ್ಚಿಯಿಂದ ಎದ್ದು ಬಂದು ಎಡಗೈಯನ್ನು ಇಂಜಿನ್ನಿನ ಮೇಲೆ ಇಟ್ಟರು. ಕಣ್ಣು ಮುಚ್ಚಿದರು. ದಿನಾ ಬೆಳಿಗ್ಗೆ ನಾನು ಅದೇ ಕೈಯ ಮೇಲೆ ಅಂಗೈ ಇಟ್ಟು ನಿಲ್ಲುವುದು ಹೇಗೋ ಹಾಗೇ ನಿಂತರು. ಇದ್ ನಿಂತ್ರೆ ನಾನೂ ನಿಂತೆ ಎಂದು ಇವರು ಆಸ್ಪತ್ರೆಯ ಎದುರು ಹೇಳಿದ್ದು ನನಗೆ ಆ ಹೊತ್ತಿನಲ್ಲೂ ಮರೆತಿರಲಿಲ್ಲ. ಗಾಡಿ ಸರಿಯಾಯಿತು, ಸರಿ. ಆದರೆ ಅದು ನೆಪ ಮಾತ್ರವಾಗಿದ್ದರೆ? ನಾಳೆ ಇನ್ನೊಂದು ನೆಪ ಸಿಕ್ಕಿದರೆ? ಕೇಳಲು ಧೈರ್ಯ ಬರಲಿಲ್ಲ.

"ಬಂದ್ ಮಾಡ್," ಅಂದರು. "ಒಳಗಿಂದ ಒಂದ್ ಕಾಯಿ ತಕಂಡ್ ಬಾ."

"ಎಂತಕೆ?"

"ತಾ ಅಂದೆ ಅಲ್ದಾ."

ಕಾಯಿ ತಂದೆ. ಬಲಗೈಯಲ್ಲಿ ಚಕ್ರ ಬಿಚ್ಚುವ ಸ್ಪ್ಯಾನರ್ ಹಿಡಿದು ಇವರೇ ಹೊಡೆದರು. ಮೊದಲ ಪೆಟ್ಟು ಜಾರಿತು, ಎರಡನೆಯದಕ್ಕೆ ಬಿರಿಯಿತು. ಕೈ ನಡುಗಿ ಅರ್ಧ ನೀರು ನೆಲಕ್ಕೆ ಹೋಯಿತು. ಚೊಂಬಿನಲ್ಲಿ ಉಳಿದಿದ್ದ ತಮ್ಮ ನೀರನ್ನು ಕುಡಿದು ಮುಗಿಸಿ, ರಾತ್ರಿಯವರೆಗೆ ಬರಬೇಕಾಗಿದ್ದ ಅಷ್ಟನ್ನೂ ಒಂದೇ ಸಲಕ್ಕೆ ನುಂಗಿ, ಆ ಖಾಲಿ ಚೊಂಬಿಗೆ ಕಾಯಿನೀರು ಬಗ್ಗಿಸಿದರು. ಬಗ್ಗಿಸುವಾಗ ಇವರ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂದದ್ದನ್ನು ನೋಡಿದೆ. ನಾನು ಹತ್ತಿರ ಹೋದೆ, ಕಸಿದುಕೊಳ್ಳಲಿಕ್ಕೆಂದೇ.

ಚೊಂಬನ್ನು ನನ್ನ ಕೈಗೆ ಕೊಟ್ಟರು. ಈ ಸಲ ಪಕ್ಕಕ್ಕೆ ನೋಡಲಿಲ್ಲ.

"ಗಾಡಿ ಬಿಡುವವ್ರ್ ಕುಡೀಕ್."

ಇವರ ಎದುರು ನೀರು ಕುಡಿಯುವುದನ್ನು ನಾನು ಎಂದೋ ಬಿಟ್ಟಿದ್ದೇನೆ, ಬಾಯಾರಿದರೆ ಒಳಗೆ ಹೋಗಿ ಕುಡಿದು ಬರುವುದು. ಅವತ್ತು ಇವರ ಕಣ್ಣೆದುರೇ ಕುಡಿದೆ. ಕೊನೆಯ ಹನಿಯವರೆಗೂ ಇವರು ನನ್ನ ಗಂಟಲನ್ನೇ ನೋಡಿದರು.

"ಹ್ಯಾಂಗಿತ್ತ್?"

"ಚಪ್ಪೆ," ಎಂದೆ. ಅಷ್ಟು ಸಿಹಿ ಕಾಯಿನೀರನ್ನು ನಾನು ಹಿಂದೆ ಕುಡಿದಿರಲಿಲ್ಲ.

ಇವರು ಕಾರಿನ ಸುತ್ತ ಮೆಲ್ಲಗೆ ನಡೆದು ಹೋಗಿ ಎಡಗಡೆಯ ಬಾಗಿಲು ತೆರೆದರು. ಸೀಟಿನ ಮೇಲೆ ಬಿದ್ದಿದ್ದ ಹೊಸ ಕಾಯಿಲುಗಳ ಖಾಲಿ ಪೆಟ್ಟಿಗೆಯನ್ನು ತೆಗೆದು ಹೊರಗಿಟ್ಟು, ತಮ್ಮ ಜಾಗವನ್ನು ಕೈಯಿಂದ ಒರೆಸಿಕೊಂಡರು.

"ಬೆಳಿಗ್ಗೆ ಬೇಗ ಎಬ್ಸ್ ನಂಗೆ," ಅಂದರು. "ಲೇಟಾಪುದ್ ಬ್ಯಾಡ."